ಮಂಗರಬಳ್ಳಿಯ ಸಾರ, ಇಲಿಯ ಪಾದದ ಬಾವು: ಎಂ.ಫಾರ್ಮ್ ಪ್ರಬಂಧ ಮುಗಿಸಿದ ಅನುಭವ

ಹೋದ ವಾರ ನನ್ನ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಮುಗಿಯಿತು. ಓದಿದ್ದು ವಿಜಯಪುರದಲ್ಲಿ, ಫಾರ್ಮಕಾಲಜಿ ವಿಭಾಗ, ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಶಾಸ್ತ್ರ. ಮಂಗರಬಳ್ಳಿಯ ಸಾರಕ್ಕೆ ಬಾವು ಇಳಿಸುವ, ನೋವು ತಗ್ಗಿಸುವ ಗುಣ ಇದೆಯಾ ಅಂತ ಪ್ರಾಣಿಗಳಲ್ಲಿ ಪರೀಕ್ಷಿಸುವುದೇ ನನ್ನ ಪ್ರಬಂಧದ ವಿಷಯ. ಅವತ್ತಿನಿಂದ ಜೂನಿಯರ್‌ಗಳ ಫೋನ್ ನಿಂತಿಲ್ಲ. ಗಿಡ ಯಾವುದು ತಗೊಳ್ಳಲಿ, ಸಾರ ತೆಗೆಯುವ ಸಾಕ್ಸ್‌ಲೆಟ್ ಯಂತ್ರ ಎಷ್ಟು ಹೊತ್ತು ಓಡಿಸಲಿ, ಡೋಸ್ ಎಷ್ಟು ಕೊಡಲಿ ಅಂತ ಕೇಳ್ತಾರೆ. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಯಾವಾಗ ಕೂಡುತ್ತದೆ, ಬಳ್ಳಿ ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಅಂತ ಯಾರೂ ಕೇಳುವುದಿಲ್ಲ. ನಿಜವಾಗಿ ನನ್ನ ಹೆಚ್ಚಿನ ಸಮಯ ಹೋದದ್ದು ಈ ಎರಡಕ್ಕೇ. ಪ್ರಯೋಗ ಅನ್ನೋದು ಕೊನೆಯ ಕೆಲವೇ ದಿನಗಳ ಕೆಲಸ. ಅದಕ್ಕೆ ಮೊದಲಿನ ಕಾಯುವಿಕೆಯೇ ದೊಡ್ಡದು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ನಾನು ಲಕ್ಕಿ ಗಿಡ ತಗೋಬೇಕು ಅಂತಿದ್ದೆ. ನಮ್ಮ ಕಡೆ ಬಾಣಂತಿಗೆ ಲಕ್ಕಿ ಸೊಪ್ಪು ಕುದಿಸಿದ ನೀರು, ಮೊಣಕಾಲು ನೋವಿಗೆ ಲಕ್ಕಿ ಸೊಪ್ಪಿನ ಶಾಖ, ಎಲ್ಲಾ ಮನೆಯಲ್ಲೂ ಇದ್ದದ್ದೇ. ಆದರೆ ಗೈಡ್ ಮೇಡಂ ಒಪ್ಪಲಿಲ್ಲ. ಲಕ್ಕಿಯ ಮೇಲೆ ಈಗಾಗಲೇ ರಾಶಿ ಕೆಲಸ ಆಗಿದೆ, ಹುಡುಕಿ ನೋಡು ಅಂದರು. ನೋಡಿದರೆ ಹೌದು. ಆಮೇಲೆ ಆರಿಸಿದ್ದು ಮಂಗರಬಳ್ಳಿ. ಕೆಲವರು ಸಂದುಬಳ್ಳಿ ಅಂತಾರೆ, ಸಂಸ್ಕೃತದಲ್ಲಿ ಅಸ್ಥಿಶೃಂಖಲಾ. ಮೂಳೆ ಮುರಿದರೆ ಅರೆದು ಕಟ್ಟುತ್ತಾರೆ, ಚಟ್ನಿ ಮಾಡಿ ತಿನ್ನುತ್ತಾರೆ. ಇದರ ಮೇಲೂ ಕೆಲಸ ಆಗಿದೆ, ಆದರೆ ಅದರಲ್ಲಿ ಮೂಳೆ ಕೂಡುವ ಬಗ್ಗೆ ಇರುವುದೇ ಜಾಸ್ತಿ. ನಮ್ಮ ಜಿಲ್ಲೆಯ ಒಣ ನೆಲದಲ್ಲಿ ಬೆಳೆದ ಬಳ್ಳಿಯನ್ನು ತಗೊಂಡು ಬಾವು, ನೋವು ಎರಡನ್ನೂ ಒಟ್ಟಿಗೆ ನೋಡೋಣ ಅಂತ ತೀರ್ಮಾನ ಆಯಿತು.

ಇಲ್ಲಿ ಒಂದು ಮಾತು. ವಿಷಯ ಆರಿಸುವಾಗ ಗಿಡ ಸುಲಭವಾಗಿ ಸಿಗುತ್ತದಾ ಅನ್ನೋದಷ್ಟೇ ನೋಡಬೇಡಿ. ಅದರಲ್ಲಿ ನೀರು ಎಷ್ಟಿದೆ ಅದನ್ನೂ ನೋಡಿ. ಮಂಗರಬಳ್ಳಿ ರಸ ತುಂಬಿದ ಕಾಂಡ. ಹತ್ತು ಕೆಜಿ ಹಸಿ ಬಳ್ಳಿ ತಂದರೆ ಒಣಗಿದ ಮೇಲೆ ಒಂದು ಕೆಜಿ ಸಿಕ್ಕರೆ ನಿಮ್ಮ ಪುಣ್ಯ. ಎಲೆಯನ್ನೋ ತೊಗಟೆಯನ್ನೋ ಆರಿಸಿಕೊಂಡ ಗೆಳೆಯರು ನನಗಿಂತ ಎಷ್ಟೋ ಮೊದಲೇ ಪುಡಿ ಮಾಡಿ ಮುಗಿಸಿದ್ದರು.

ಬಳ್ಳಿ ಎಲ್ಲಿಂದ ತರುವುದು ಅಂತ ಚಿಂತೆಯೇ ಇರಲಿಲ್ಲ. ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಅದರ ಬೇಲಿ ತುಂಬಾ ಇದೇ ಬಳ್ಳಿ. ಚೀಲ ಹಿಡಿದು ಹೋದೆ. ಕಾಕಾ ತಡೆದರು. "ತಂಗಿ, ಆ ಬಳ್ಳಿ ಮುಟ್ಟಬ್ಯಾಡ. ದ್ರಾಕ್ಷಿಗಿ ಎಣ್ಣಿ ಹೊಡ್ದೇವಿ, ಬೇಲಿಗೂ ಬಿದ್ದಿರತೈತಿ" ಅಂದರು. ಎಣ್ಣಿ ಅಂದರೆ ಔಷಧಿ ಸಿಂಪಡಣೆ. ದ್ರಾಕ್ಷಿಗೆ ಬೂದಿ ರೋಗ, ಬೂಜು ರೋಗ ಅಂತ ಮಳೆಗಾಲ, ಚಳಿಗಾಲದಲ್ಲಿ ಮೇಲಿಂದ ಮೇಲೆ ಸಿಂಪಡಿಸುತ್ತಾರೆ. ಆ ಬೇಲಿಯ ಬಳ್ಳಿಯಿಂದ ಸಾರ ತೆಗೆದಿದ್ದರೆ ಇಲಿಗೆ ಗಿಡದ ಜೊತೆ ಶಿಲೀಂಧ್ರನಾಶಕವನ್ನೂ ಕುಡಿಸಿದ ಹಾಗೆ ಆಗುತ್ತಿತ್ತು. ನನ್ನ ಪ್ರಬಂಧವನ್ನು ಉಳಿಸಿದ್ದು ಕಾಕಾನ ಆ ಒಂದು ಮಾತು. ಆಮೇಲೆ ಯಾವ ಬೆಳೆಯೂ ಇಲ್ಲದ ಮಡ್ಡಿ ಹೊಲದ ಬದುವಿನಿಂದ, ರಸ್ತೆಯ ಧೂಳಿನಿಂದ ದೂರ ಇರುವ ಕಡೆಯಿಂದ ತಂದೆ. ಹೊಲದವರನ್ನು ಕೇಳಿ, ಜಾಗ ಮತ್ತು ತಾರೀಖು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಖಾಸಗಿ ಹೊಲವಾದರೆ ಮಾಲೀಕರ ಒಪ್ಪಿಗೆ ಸಾಕು. ಅರಣ್ಯ ಪ್ರದೇಶವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆ ಕೂಡ ಕೀಳಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಬಗ್ಗೆ ಹಲವರು ಹೆದರಿಸಿದರು. ಸುಮ್ನೆ ಹೆದರಬೇಡಿ. ಭಾರತೀಯ ವಿದ್ಯಾರ್ಥಿ ಭಾರತದಲ್ಲೇ ಓದಿಗಾಗಿ ಸಂಶೋಧನೆ ಮಾಡಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕಿಲ್ಲ. ವ್ಯಾಪಾರಕ್ಕೆ ಇಳಿದರೆ, ಪೇಟೆಂಟ್‌ಗೆ ಹೋದರೆ, ಹೊರದೇಶದವರ ಜೊತೆ ಸೇರಿದರೆ ಲೆಕ್ಕ ಬೇರೆ.

ಕೊಯ್ಯುವಾಗ ಕೈಗವಸು ಹಾಕಿಕೊಳ್ಳಿ. ಈ ಬಳ್ಳಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಇದೆ. ಹೆಚ್ಚುವಾಗ ಕೈ ಕೆರೆಯುತ್ತದೆ. ಚಟ್ನಿಗೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಹುರಿಯುವುದು ಇದೇ ಕಾರಣಕ್ಕೆ.

ಇನ್ನು ಗಿಡದ ಗುರುತಿನ ದೃಢೀಕರಣ. ನಿಮಗೆ, ನಿಮ್ಮ ಆಯಿಗೆ, ಊರಿಗೆಲ್ಲಾ ಇದು ಮಂಗರಬಳ್ಳಿ ಅಂತ ಗೊತ್ತಿದ್ದರೂ ಸಾಲದು. ಸಸ್ಯಶಾಸ್ತ್ರ ಬಲ್ಲವರು ನೋಡಿ, ಇದು ಸಿಸ್ಸಸ್ ಕ್ವಾಡ್ರಾಂಗ್ಯುಲಾರಿಸ್, ವೈಟೇಸಿ ಕುಟುಂಬ ಅಂತ ಬರೆದು, ಹರ್ಬೇರಿಯಂ ಹಾಳೆಗೆ, ಅಂದರೆ ಒತ್ತಿ ಒಣಗಿಸಿದ ಗಿಡ ಅಂಟಿಸಿಟ್ಟ ಹಾಳೆಗೆ, ಒಂದು ಸಂಖ್ಯೆ ಕೊಡಬೇಕು. ಅಂದ ಹಾಗೆ ವೈಟೇಸಿ ಅಂದರೆ ದ್ರಾಕ್ಷಿಯ ಕುಟುಂಬ. ಕಾಕಾಗೆ ಇದು ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಈ ಗುರುತಿನ ಕೆಲಸ ಔಪಚಾರಿಕ ಅಂತ ತಿಳಿಯಬೇಡಿ. ಚೌಕ ಕಾಂಡದ ಗಿಡಗಳು ನಮ್ಮ ಬಯಲಲ್ಲಿ ಬೇರೆಯೂ ಇವೆ. ಕ್ಯಾರಲ್ಲುಮಾ ಜಾತಿಯ ಕಾಂಡವೂ ಚೌಕವೇ. ಕಳ್ಳಿ ಜಾತಿಯ ಕೆಲವಕ್ಕೂ ಮೂಲೆಮೂಲೆಯಾದ ಕಾಂಡ ಇರುತ್ತದೆ, ಆದರೆ ಮುರಿದರೆ ಹಾಲು ಸುರಿಯುತ್ತದೆ. ಮಂಗರಬಳ್ಳಿಯಲ್ಲಿ ಹಾಲಿಲ್ಲ, ಗೆಣ್ಣುಗಳಲ್ಲಿ ಕುಡಿಬಳ್ಳಿ ಇರುತ್ತದೆ.

ತೊಂದರೆ ಎಂದರೆ ಹರ್ಬೇರಿಯಂಗೆ ಹೂವು ಇರುವ ಟೊಂಗೆ ಬೇಕು. ಮಂಗರಬಳ್ಳಿ ನಮ್ಮ ಕಡೆ ಹೂ ಬಿಡುವುದು ಮಳೆ ಬಿದ್ದ ಮೇಲೆ. ಹೂವು ಸಣ್ಣದು, ಹುಡುಕಬೇಕು. ಬೇಸಿಗೆಯಲ್ಲಿ ವಿಷಯ ಒಪ್ಪಿಗೆಯಾದರೆ ಮಳೆಯವರೆಗೆ ಕಾಯುವುದೇ ಗತಿ. ನಾನೂ ಕಾದೆ. ಹೂವು ಸಿಕ್ಕ ಮೇಲೆ ಒತ್ತಿ ಒಣಗಿಸುವುದು ಇನ್ನೊಂದು ಪರೀಕ್ಷೆ. ಇಂಥ ರಸದ ಕಾಂಡವನ್ನು ಹಾಗೇ ಪೇಪರಿನಲ್ಲಿಟ್ಟರೆ ಅದು ಒಳಗೇ ಬದುಕಿರುತ್ತದೆ ಇಲ್ಲವೇ ಕೊಳೆಯುತ್ತದೆ. ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಕಾಂಡ ಸೀಳಿ, ಆಮೇಲೆ ಒತ್ತಬೇಕು. ದಿನಾ ಪೇಪರ್ ಬದಲಿಸಬೇಕು. ಹೂವನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ.

ಮಾದರಿ ತಗೊಂಡು ಹೋದದ್ದು ಬೆಳಗಾವಿಗೆ. ಅಲ್ಲಿ ನೆಹರು ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ. ಹಳೆಯ ಪ್ರಬಂಧಗಳಲ್ಲಿ ಆರ್‌ಎಂಆರ್‌ಸಿ ಅಂತ ಕಾಣುವುದು ಇದೇ ಸಂಸ್ಥೆಯ ಮೊದಲಿನ ಹೆಸರು. ವಿಜಯಪುರದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕಾಲೇಜಿನ ಲೆಟರ್‌ಹೆಡ್ ಮೇಲೆ ಪ್ರಿನ್ಸಿಪಾಲರ ಸಹಿ ಇರುವ ಕೋರಿಕೆ ಪತ್ರ, ಗಿಡ ಕೊಯ್ದ ಜಾಗ, ತಾರೀಖು, ಸ್ಥಳೀಯ ಹೆಸರು, ಯಾವ ಭಾಗ ಬಳಸುತ್ತೀರಿ ಅನ್ನೋ ವಿವರ, ಒಣಗಿಸಿದ ಮಾದರಿ, ಜೊತೆಗೆ ಹಸಿ ಟೊಂಗೆಯೂ ಫೋನಿನಲ್ಲಿ ಹೊಲದಲ್ಲೇ ತೆಗೆದ ಫೋಟೋಗಳೂ ಇರಲಿ. ಹೋಗುವ ಮೊದಲು ಫೋನ್ ಮಾಡಿ ಯಾರು ಇರುತ್ತಾರೆ ಅಂತ ಕೇಳಿಕೊಳ್ಳಿ. ನಿಮ್ಮ ಊರಿನ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೂ ಮಾಡಿಸಬಹುದು, ಆದರೆ ಹರ್ಬೇರಿಯಂ ಸಂಖ್ಯೆ ಸಿಗಬೇಕು. ಆ ಸಂಖ್ಯೆ ಇಲ್ಲದಿದ್ದರೆ ಮುಂದೆ ಒಳ್ಳೆಯ ಪತ್ರಿಕೆಗಳು ನಿಮ್ಮ ಲೇಖನ ತಗೊಳ್ಳುವುದು ಕಷ್ಟ.

ಇದೆಲ್ಲಾ ನಡೆಯುತ್ತಿರುವಾಗಲೇ ಎಥಿಕ್ಸ್ ಕಮಿಟಿಯ ಅರ್ಜಿ ಹಾಕಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಒಂದು ಕೇಂದ್ರ ಸಮಿತಿ ಇದೆ. ಎಲ್ಲರೂ ಸಿಪಿಸಿಎಸ್‌ಇಎ ಅಂತ ಕರೆಯುತ್ತಿದ್ದರು, ಈಗ ಸಿಸಿಎಸ್‌ಇಎ. ಕಾಲೇಜಿನ ಪ್ರಾಣಿ ಮನೆ ಅಲ್ಲಿ ನೋಂದಣಿ ಆಗಿರಬೇಕು. ಕಾಲೇಜಿನಲ್ಲೇ ಒಂದು ಪ್ರಾಣಿ ನೀತಿ ಸಮಿತಿ ಇರುತ್ತದೆ. ಅದರಲ್ಲಿ ನಮ್ಮ ಪ್ರಾಧ್ಯಾಪಕರಷ್ಟೇ ಅಲ್ಲ, ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನ ಕ್ಷೇತ್ರದವರಲ್ಲದ ಒಬ್ಬರು, ಕೇಂದ್ರ ಸಮಿತಿಯ ಪ್ರತಿನಿಧಿ ಎಲ್ಲಾ ಇರುತ್ತಾರೆ. ಕೇಂದ್ರದ ಪ್ರತಿನಿಧಿ ಬರದಿದ್ದರೆ ಸಭೆಯೇ ಇಲ್ಲ. ನಮ್ಮ ಸಭೆ ಮುಂದೆ ಹೋಗುತ್ತಲೇ ಇತ್ತು. ಒಮ್ಮೆ ಒಬ್ಬರಿಗೆ ಬರಲಾಗಲಿಲ್ಲ, ಇನ್ನೊಮ್ಮೆ ಪರೀಕ್ಷೆ ಅಡ್ಡ ಬಂತು. ಆ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಸೆಮಿಸ್ಟರ್ ಕರಗುತ್ತಿದೆ, ಕೈಯಲ್ಲಿ ಏನೂ ಇಲ್ಲ. ಬೇರೆ ವಿಭಾಗದ ಗೆಳೆಯರು ಮಾತ್ರೆ ತಯಾರಿಸಿ ಫಲಿತಾಂಶ ಬರೆಯಲು ಕೂತಿದ್ದರು.

ಅರ್ಜಿಯ ಹೆಸರು ಫಾರ್ಮ್ ಬಿ. ಅದರಲ್ಲಿ ಎಷ್ಟು ಪ್ರಾಣಿ, ಯಾವ ಜಾತಿ, ಗಂಡೋ ಹೆಣ್ಣೋ, ಯಾಕೆ ಇಷ್ಟು ಬೇಕು, ಪ್ರಾಣಿ ಬಿಟ್ಟು ಬೇರೆ ದಾರಿ ಇಲ್ಲವಾ, ನೋವಾದರೆ ಏನು ಮಾಡುತ್ತೀರಿ, ಕೊನೆಗೆ ಪ್ರಾಣಿಗಳ ಗತಿ ಏನು, ಎಲ್ಲಾ ಬರೆಯಬೇಕು. ಹಿಂದಿನ ವರ್ಷದವರ ಅರ್ಜಿ ನೋಡಿ ಹಾಗೇ ಇಳಿಸುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಸಭೆಯಲ್ಲಿ ಪ್ರತಿಯೊಂದು ಸಾಲನ್ನೂ ಕೇಳುತ್ತಾರೆ.

ನಾನು ಐದು ಗುಂಪು, ಗುಂಪಿಗೆ ಆರು ಇಲಿ, ಒಟ್ಟು 30 ಅಂತ ಬರೆದಿದ್ದೆ. ಎಲ್ಲಾ ಪ್ರಬಂಧಗಳಲ್ಲೂ ಇರುವ ಲೆಕ್ಕ ಅದು. ಹೊರಗಿನ ವಿಜ್ಞಾನಿ ಕೇಳಿದರು: "ಆರು ಯಾಕೆ?" ಆಮೇಲೆ ಅವರೇ ಒಂದು ಸರಳ ಸೂತ್ರ ಹೇಳಿಕೊಟ್ಟರು. ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆಯಿರಿ. ಉತ್ತರ 10ರಿಂದ 20ರ ನಡುವೆ ಇದ್ದರೆ ಸಾಕು. 30ರಲ್ಲಿ 5 ಕಳೆದರೆ 25, ಅಂದರೆ ಜಾಸ್ತಿ. ಗುಂಪಿಗೆ ಐದು ಇಟ್ಟರೆ 25ರಲ್ಲಿ 5 ಹೋಗಿ 20. ಐದು ಇಲಿಗಳ ಜೀವ ಉಳಿಯಿತು, ಪ್ರಯೋಗಕ್ಕೆ ಏನೂ ಕೊರತೆ ಆಗಲಿಲ್ಲ. ಆ ಸಭೆ ನನಗೆ ಕಾಟ ಅನ್ನಿಸಲಿಲ್ಲ, ನನ್ನ ಕೆಲಸವನ್ನು ನಿಜವಾಗಿ ಓದಿದ ಮೊದಲ ಜನ ಅವರೇ ಅನ್ನಿಸಿತು.

ನೋವಿನ ಪರೀಕ್ಷೆಗೆ ನಾನು ಎರಡು ವಿಧಾನ ಬರೆದಿದ್ದೆ. ಒಂದು 55 ಡಿಗ್ರಿಯ ಬಿಸಿ ತಟ್ಟೆ, ಅದರ ಮೇಲೆ ಪ್ರಾಣಿ ಎಷ್ಟು ಹೊತ್ತಿಗೆ ಪಾದ ಎತ್ತುತ್ತದೆ ಅಂತ ನೋಡುವುದು. ಇನ್ನೊಂದು ಅಸಿಟಿಕ್ ಆಮ್ಲವನ್ನು ಹೊಟ್ಟೆಗೆ ಚುಚ್ಚಿ ನೋಡುವುದು. ಬಿಸಿ ತಟ್ಟೆಗೆ ಹೋಲಿಕೆಯ ಔಷಧಿಯಾಗಿ ಟ್ರಮಡಾಲ್ ಅನ್ನೋ ಬಲವಾದ ನೋವು ನಿವಾರಕ ಬೇಕಿತ್ತು. 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯ ಅಡಿ ಬಂದಿದೆ. ಅಂಗಡಿಗೆ ಹೋಗಿ ಕೊಡಿ ಅಂದರೆ ಕೊಡುವುದಿಲ್ಲ, ಪತ್ರ ವ್ಯವಹಾರ ಬೇಕು, ದಾಸ್ತಾನಿನ ಲೆಕ್ಕ ಬೇಕು. ಇನ್ನಷ್ಟು ತಿಂಗಳು ಕಾಯುವ ಧೈರ್ಯ ಇರಲಿಲ್ಲ. ಆ ಪರೀಕ್ಷೆ ಕೈಬಿಟ್ಟು ಅಸಿಟಿಕ್ ಆಮ್ಲದ್ದನ್ನು ಮಾತ್ರ ಇಟ್ಟುಕೊಂಡೆವು. ಅದಕ್ಕೆ ಸಾಮಾನ್ಯವಾಗಿ ಸಿಗುವ ನೋವಿನ ಔಷಧಿ ಡೈಕ್ಲೊಫೆನಾಕ್ ಸಾಕು. ಬಿಸಿ ತಟ್ಟೆಯಿಂದ ತಿಳಿಯುವ ಮಿದುಳಿನ ಮಟ್ಟದ ನೋವು ನಿವಾರಣೆ ಬಗ್ಗೆಯೇ ಹೇಳಬೇಕು ಅನ್ನುವವರು ಈ ಪತ್ರಗಳನ್ನು ಮೊದಲ ತಿಂಗಳಲ್ಲೇ ಶುರು ಮಾಡಿ.

ಒಪ್ಪಿಗೆ ಪತ್ರ ಕೈಗೆ ಬಂದ ದಿನ ಅವ್ವನಿಗೆ ಫೋನ್ ಮಾಡಿ ಅತ್ತೇ ಬಿಟ್ಟೆ.

ಅಷ್ಟರಲ್ಲಿ ಒಣಗಿಸುವ ಕೆಲಸ ಸಾಗಿತ್ತು. ಬಿಸಿಲಿಗೆ ಹಾಕಬಾರದು, ನೆರಳಲ್ಲೇ ಒಣಗಬೇಕು. ಹಾಸ್ಟೆಲಿನಲ್ಲಿ ಜಾಗ ಇಲ್ಲ, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಆಗ ನೆನಪಾಗಿದ್ದು ಕಾಕಾನ ಒಣದ್ರಾಕ್ಷಿ ಶೆಡ್. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ: ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಅಂತಸ್ತು ಅಂತಸ್ತಾಗಿ ಬಲೆ. ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ಒಣದ್ರಾಕ್ಷಿ ಸುಗ್ಗಿ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಶೆಡ್ ಖಾಲಿ. ಆದರೆ ಹಳೆಯ ಬಲೆ ಬಳಸಲಿಲ್ಲ. ದ್ರಾಕ್ಷಿಯನ್ನು ಒಣಗಿಸುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯಲ್ಲಿ ಅದ್ದುತ್ತಾರೆ, ಅದರ ಅಂಶ ಬಲೆಗೆ ಹತ್ತಿರುತ್ತದೆ. ಹೊಸ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಹರವಿದೆ. ಬಳ್ಳಿಯನ್ನು ಗೆಣ್ಣು ಗೆಣ್ಣಿಗೆ ಕತ್ತರಿಸಿ, ಮತ್ತೆ ಉದ್ದಕ್ಕೆ ಸೀಳಬೇಕು. ಇಡೀ ತುಂಡು ಬಿಟ್ಟರೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಆಯಿ ದಿನಾ ಹೋಗಿ ತಿರುವಿ ಹಾಕಿ ಬರುತ್ತಿದ್ದಳು. ಕಟ್ಟಿಗೆಯ ಹಾಗೆ ಪಟ್ಟನೆ ಮುರಿದಾಗ ಮಾತ್ರ ಪುಡಿಗೆ ಕೊಡಿ. ನಾನು 40ನೇ ನಂಬರಿನ ಜರಡಿ ಹಿಡಿದೆ. ತೀರಾ ನುಣುಪಾದರೆ ಸಾಕ್ಸ್‌ಲೆಟ್ಟಿನ ಕಾಗದದ ಚೀಲ ಕಟ್ಟಿಕೊಳ್ಳುತ್ತದೆ.

ಮುಂದಿನ ಅಡ್ಡಿ ಆಲ್ಕೋಹಾಲ್. ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕು. ಕಾಲೇಜಿಗೆ ಇಷ್ಟು ಅಂತ ಕೋಟಾ ಇರುತ್ತದೆ. ನಾನು ಕೇಳಿದಾಗ ಸ್ಟೋರಿನಲ್ಲಿ ಖಾಲಿ. ಹೊಸ ದಾಸ್ತಾನು ಬರುವವರೆಗೆ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡಿದೆ. ವರ್ಷದ ಶುರುವಿನಲ್ಲೇ ನಿಮಗೆ ಎಷ್ಟು ಲೀಟರ್ ಬೇಕಾಗುತ್ತದೆ ಅಂತ ಸ್ಟೋರಿಗೆ ಬರೆದುಕೊಡಿ. ಖಾಲಿಯಾದ ಮೇಲೆ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಸಾಕ್ಸ್‌ಲೆಟ್ ಬಗ್ಗೆ ಪುಸ್ತಕದಲ್ಲಿ ಎಲ್ಲಾ ಇದೆ. ಮೊದಲು ಪೆಟ್ರೋಲಿಯಂ ಈಥರ್‌ನಿಂದ ಜಿಡ್ಡು ತೆಗೆಯಿರಿ, ಪುಡಿ ಒಣಗಿಸಿ, ಆಮೇಲೆ ಎಥನಾಲ್. ಸೈಫನ್‌ನಿಂದ ಇಳಿಯುವ ದ್ರವದ ಬಣ್ಣ ಹೋಗುವವರೆಗೆ ಓಡಿಸಿ. ಪುಸ್ತಕದಲ್ಲಿ ಇಲ್ಲದ್ದು ನೀರು. ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕಂಡೆನ್ಸರ್‌ಗೆ ತಣ್ಣೀರು ಸದಾ ಹರಿಯುತ್ತಿರಬೇಕು. ನಲ್ಲಿಯನ್ನು ದಿನವಿಡೀ ತೆರೆದಿಡುವುದು ವಿಜಯಪುರದಲ್ಲಿ ಆಗದ ಮಾತು, ಮನಸ್ಸೂ ಒಪ್ಪುವುದಿಲ್ಲ. ಏರ್ ಕೂಲರ್‌ಗೆ ಹಾಕುವ ಸಣ್ಣ ಪಂಪು ತಂದೆ, ಮುನ್ನೂರು ರೂಪಾಯಿಯೂ ಆಗಲಿಲ್ಲ. ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿ, ಪಂಪು ಮುಳುಗಿಸಿ, ಕಂಡೆನ್ಸರ್‌ಗೆ ಹೋದ ನೀರು ಮತ್ತೆ ಬಕೆಟ್ಟಿಗೇ ಬರುವಂತೆ ಪೈಪು ಜೋಡಿಸಿದೆ. ನೀರು ಬೆಚ್ಚಗಾದರೆ ಐಸ್ ಹಾಕಿದರಾಯಿತು. ಕರೆಂಟ್ ಹೋದರೆ ಮಾತ್ರ ಮೊದಲು ಮ್ಯಾಂಟಲ್ (ಕೆಳಗಿನ ವಿದ್ಯುತ್ ಒಲೆ) ಸ್ವಿಚ್ ಆರಿಸಿ. ಪಂಪು ನಿಂತು, ಮ್ಯಾಂಟಲ್ ಇನ್ನೂ ಬಿಸಿ ಇದ್ದರೆ ಎಥನಾಲ್ ಆವಿ ಕೋಣೆ ತುಂಬುತ್ತದೆ. ಅದು ಬೆಂಕಿಯ ಜೊತೆ ಆಟ. ಈ ಯಂತ್ರ ಬಿಟ್ಟು ಊಟಕ್ಕೂ ಹೋಗಬೇಡಿ, ಯಾರನ್ನಾದರೂ ಕೂರಿಸಿ ಹೋಗಿ.

ಕೊನೆಗೆ ರೋಟರಿ ಇವಾಪೊರೇಟರ್‌ನಲ್ಲಿ 50 ಡಿಗ್ರಿ ಮೀರದ ಹಾಗೆ ಆಲ್ಕೋಹಾಲ್ ತೆಗೆದರೆ ಕಡು ಹಸಿರು ಅಂಟು ಉಳಿಯುತ್ತದೆ. ಅದೇ ಸಾರ. ಗಾಳಿಗೆ ಬಿಟ್ಟರೆ ತೇವ ಹೀರಿ ಇನ್ನೂ ಅಂಟಾಗುತ್ತದೆ, ತೇವ ಹೀರುವ ಡಬ್ಬಿಯಾದ ಡೆಸಿಕೇಟರ್‌ನಲ್ಲೇ ಇಡಬೇಕು. ಬಣ್ಣದ ಪರೀಕ್ಷೆಗಳಲ್ಲಿ ಸ್ಟೆರಾಲ್, ಫ್ಲೇವನಾಯ್ಡ್, ಟ್ಯಾನಿನ್‌ಗಳು ಕಂಡವು.

ಪ್ರಾಣಿಗಳ ಭಾಗ ಬರೆಯುವಾಗ ಈಗಲೂ ಮನಸ್ಸು ಭಾರ ಆಗುತ್ತದೆ.

ಇಲಿಗಳನ್ನು ನೋಂದಾಯಿತ ಸಾಕಣೆದಾರರಿಂದಲೇ ತರಬೇಕು. ನನಗೆ ಒಂದಕ್ಕೆ 500 ರೂಪಾಯಿಯ ಆಸುಪಾಸು ಬಿತ್ತು, ಸಾಗಣೆ ಬೇರೆ. ಒಬ್ಬರೇ ತರಿಸಿದರೆ ಗಾಡಿ ಬಾಡಿಗೆಯೇ ಇಲಿಗಿಂತ ಜಾಸ್ತಿ. ಗೆಳೆಯರ ಜೊತೆ ಸೇರಿ ಒಂದೇ ಸಲ ತರಿಸಿ. ಬಂದ ಮೇಲೆ ಕನಿಷ್ಠ ಒಂದು ವಾರ ಹೊಂದಿಕೊಳ್ಳಲು ಬಿಡಬೇಕು. ಕೋಣೆ 22 ಡಿಗ್ರಿಯ ಸುತ್ತಮುತ್ತ, 12 ತಾಸು ಬೆಳಕು, 12 ತಾಸು ಕತ್ತಲು. ನಮ್ಮ ಊರಿನಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುತ್ತದೆ. ಆ ತಿಂಗಳುಗಳಲ್ಲಿ ಪ್ರಾಣಿ ಪ್ರಯೋಗ ಇಟ್ಟುಕೊಳ್ಳಲೇಬೇಡಿ. ಎಸಿ ನಿಂತರೆ ಇಲಿಗಳು ಒದ್ದಾಡುತ್ತವೆ, ನಿಮ್ಮ ಅಂಕಿಗಳಿಗೂ ಅರ್ಥ ಇರುವುದಿಲ್ಲ. ನಾನು ಚಳಿಗಾಲಕ್ಕೆ ಇಟ್ಟುಕೊಂಡೆ. ಆ ಒಂದು ವಾರ ದಿನಾ ಹೋಗಿ ಅವುಗಳನ್ನು ಕೈಯಲ್ಲಿ ಎತ್ತಿಕೊಂಡು ಅಭ್ಯಾಸ ಮಾಡಿಸಿದೆ. ಹೆದರಿದ ಇಲಿಗೆ ಗಂಟಲಿನ ಮೂಲಕ ಔಷಧಿ ಕೊಡುವುದು ಇಬ್ಬರಿಗೂ ಹಿಂಸೆ. ಪ್ರಾಣಿ ಮನೆ ನೋಡಿಕೊಳ್ಳುವ ಅಣ್ಣನಿಂದ ಕಲಿತಷ್ಟು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಮೊದಲು ಸುರಕ್ಷತೆ. ಒಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ 423ನೇ ಮಾರ್ಗಸೂಚಿಯಂತೆ ಮೂರು ಹೆಣ್ಣು ಇಲಿಗಳಿಗೆ ದೇಹದ ತೂಕದ ಕೆಜಿಗೆ 2000 ಮಿಲಿಗ್ರಾಂ ಒಂದೇ ಸಲ ಕೊಟ್ಟು 14 ದಿನ ನೋಡುವುದು. ಏನೂ ಆಗದಿದ್ದರೆ ಇನ್ನೂ ಮೂರರಲ್ಲಿ ಖಚಿತ ಮಾಡಿಕೊಳ್ಳುವುದು. ಎಲ್ಲವೂ ಆರೋಗ್ಯವಾಗಿದ್ದವು. ಅದರ ಹತ್ತನೇ ಒಂದು ಮತ್ತು ಐದನೇ ಒಂದು ಭಾಗ, ಅಂದರೆ 200 ಮತ್ತು 400 ಮಿಲಿಗ್ರಾಂ, ನನ್ನ ಎರಡು ಡೋಸ್.

ಬಾವು ಬರಿಸಲು ಕ್ಯಾರಜೀನನ್ ಬಳಸುತ್ತಾರೆ, ಕೆಂಪು ಸಮುದ್ರ ಪಾಚಿಯಿಂದ ತೆಗೆದದ್ದು. 1962ರಿಂದ ಇದೇ ವಿಧಾನ ನಡೆದುಬಂದಿದೆ. ಶೇ 1ರ ದ್ರಾವಣವನ್ನು ಹಿಂದಿನ ರಾತ್ರಿಯೇ ಮಾಡಿಡಿ, ಬೆಳಿಗ್ಗೆ ಮಾಡಿದರೆ ಗಂಟು ಉಳಿಯುತ್ತದೆ. ಔಷಧಿ ಕೊಟ್ಟು ಒಂದು ತಾಸಿನ ಮೇಲೆ ಬಲ ಹಿಂಗಾಲಿನ ಪಾದದಡಿ 0.1 ಮಿಲಿ ಚುಚ್ಚಬೇಕು. ಆಮೇಲೆ ತಾಸಿಗೊಮ್ಮೆ ಪ್ಲೆಥಿಸ್ಮೋಮೀಟರ್ ಅನ್ನೋ ಅಳತೆಯ ಉಪಕರಣದ ದ್ರವದಲ್ಲಿ ಪಾದ ಅದ್ದಿ ಗಾತ್ರ ಅಳೆಯಬೇಕು. ಹಿಮ್ಮಡಿಯ ಹತ್ತಿರ ಪೆನ್ನಿನಿಂದ ಗೆರೆ ಹಾಕಿಕೊಳ್ಳಿ, ಪ್ರತಿ ಸಲ ಆ ಗೆರೆಯವರೆಗೇ ಅದ್ದಿ. ಅಳೆಯುವವರಿಗೆ ಯಾವ ಗುಂಪಿನ ಇಲಿ ಅಂತ ಗೊತ್ತಿರಬಾರದು. ನನ್ನ ಗೆಳತಿ ಅಳೆದಳು, ಗುಂಪಿನ ಚೀಟಿ ನನ್ನ ಹತ್ತಿರ ಇತ್ತು. ಇದನ್ನು ಯಾರೂ ಕಡ್ಡಾಯ ಮಾಡಲಿಲ್ಲ. ಆದರೂ ಮಾಡಿ. ನಾವು ಬಯಸಿದ ಉತ್ತರದ ಕಡೆಗೆ ಕಣ್ಣು ತಾನಾಗಿಯೇ ವಾಲುತ್ತದೆ.

ಚುಚ್ಚಿದ ಪಾದವನ್ನು ಇಲಿ ನೆಲಕ್ಕೆ ಊರುವುದಿಲ್ಲ. ಎತ್ತಿ ಹಿಡಿದು ನೆಕ್ಕುತ್ತದೆ. ಔಷಧಿ ಇಲ್ಲದ ಗುಂಪಿನವು ಮೂಲೆಗೆ ಸರಿದು ಕೂತಿದ್ದವು. ಏನೂ ಕೊಡದೆ ಸುಮ್ಮನೆ ನೋಡುತ್ತಾ ಅಳೆಯಬೇಕು. ನೋವು ಕಡಿಮೆ ಮಾಡುವ ದಾರಿ ಹುಡುಕಲು ನೋವು ಕೊಡಬೇಕಾಗುತ್ತದೆ ಅನ್ನೋದು ಓದುವಾಗ ಗೊತ್ತಿದ್ದದ್ದೇ. ಕಣ್ಣೆದುರು ನೋಡುವುದು ಬೇರೆ. ಅಸಿಟಿಕ್ ಆಮ್ಲದ ಪರೀಕ್ಷೆಯಲ್ಲಿ ಮೈಸ್ ಅನ್ನೋ ಸಣ್ಣ ಜಾತಿಯ ಇಲಿಗಳು ಹೊಟ್ಟೆ ಹಿಂಡಿಕೊಳ್ಳುವುದನ್ನು ಎಣಿಸಬೇಕು, ಅದು ಇನ್ನೂ ಕಷ್ಟ. ಅವತ್ತು ನನಗೆ ಊಟ ಸೇರಲಿಲ್ಲ. ನಿಮಗೂ ಹಾಗಾದರೆ ಗೈಡ್ ಹತ್ತಿರ ಹೇಳಿ. ಮನಸ್ಸು ಒಪ್ಪದವರಿಗೆ ಪ್ರಯೋಗನಾಳದಲ್ಲೇ ಮಾಡುವ ಪರೀಕ್ಷೆಗಳಿವೆ. ಪ್ರೋಟೀನ್ ಕೆಡದಂತೆ ತಡೆಯುವುದು, ಕೆಂಪು ರಕ್ತಕಣದ ಪೊರೆ ಉಳಿಸುವುದು, ಇಂಥವು. ಅಂಥ ವಿಷಯ ಕೇಳುವುದು ಹೇಡಿತನ ಅಲ್ಲ.

ಫಲಿತಾಂಶ ಹೀಗೆ ಬಂತು. ಮೊದಲ ತಾಸಿನಲ್ಲಿ ಸಾರ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ವ್ಯತ್ಯಾಸ ಇಲ್ಲ. ಮೂರನೇ ತಾಸಿನಿಂದ 400ರ ಗುಂಪಿನಲ್ಲಿ ಬಾವು ಸ್ಪಷ್ಟವಾಗಿ ಕಡಿಮೆ. 200ರಲ್ಲಿ ಇಳಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ನಿಲ್ಲಲಿಲ್ಲ. ಡೈಕ್ಲೊಫೆನಾಕ್ ಎರಡಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿತು. ಈ ಬಾವಿನಲ್ಲಿ ದೇಹವೇ ಬಿಡುವ ರಾಸಾಯನಿಕಗಳ ಕೈವಾಡ ಇದೆ: ಮೊದಲು ಹಿಸ್ಟಮಿನ್, ಸೆರೊಟೋನಿನ್ ಆಟ, ಮೂರನೇ ತಾಸಿನ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್‌ಗಳದ್ದು. ಆಸ್ಪಿರಿನ್‌ನಂಥ ಔಷಧಿಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಅಂತ 1971ರಲ್ಲಿ ಜಾನ್ ವೇನ್ ತೋರಿಸಿದ್ದರು. ನಮ್ಮ ಸಾರವೂ ಆ ಹಂತದಲ್ಲೇ ಏನೋ ಮಾಡುತ್ತಿರಬಹುದು. ಅಷ್ಟೇ ಬರೆದೆ. ಮೇಡಂ ಕೂಡ ಅದಕ್ಕಿಂತ ಮುಂದೆ ಹೋಗಲು ಬಿಡಲಿಲ್ಲ.

ಕೆಲವರು 200ರ ಅಂಕಿಯನ್ನು ಸ್ವಲ್ಪ ಸರಿ ಮಾಡು, ನೋಡಲು ಚೆನ್ನಾಗಿರುತ್ತದೆ ಅಂತ ಸಲಹೆ ಕೊಟ್ಟರು. ಮಾಡಲಿಲ್ಲ. ನೋವು ತಿಂದ ಇಲಿಗಳ ಅಂಕಿ ಅದು. ಅದನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಗುಂಪುಗಳ ನಡುವಿನ ವ್ಯತ್ಯಾಸದ ಲೆಕ್ಕಕ್ಕೆ ಒನ್ ವೇ ಅನೋವಾ, ಡನೆಟ್ ಅನ್ನೋ ಸಂಖ್ಯಾಶಾಸ್ತ್ರದ ಪರೀಕ್ಷೆಗಳು. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ, ಆರ್ ಅನ್ನೋದು ಉಚಿತವಾಗಿ ಸಿಗುತ್ತದೆ. ಪ್ರಬಂಧದ ನಕಲು ಪರೀಕ್ಷೆಯಲ್ಲಿ ಹೋಲಿಕೆ ಶೇ 10ರ ಒಳಗೆ ಇರಬೇಕು, ಯುಜಿಸಿಯ 2018ರ ನಿಯಮ ಅದು. ವಿಧಾನದ ಅಧ್ಯಾಯವೇ ಎಲ್ಲರನ್ನೂ ಸಿಕ್ಕಿಸುವುದು. ಅದನ್ನು ನಿಮ್ಮ ಮಾತಿನಲ್ಲೇ, ನೀವು ಮಾಡಿದ ಕ್ರಮದಲ್ಲೇ ಬರೆಯಿರಿ.

ಪ್ರಬಂಧ ಮುಗಿಯಿತು ಅಂತ ಗೊತ್ತಾದ ಮೇಲೆ ಊರಿನಲ್ಲಿ ಬೇರೆಯೇ ಶುರುವಾಯಿತು. ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಬಂದಳು. "ಆ ಸಾರ ಒಂದೀಟ ಕೊಡವಾ, ಇಲಿಗಿ ಆರಾಮ ಆತಂದ್ರ ನನಗ್ಯಾಕ ಆಗೂದಿಲ್ಲ?" ಅಂದಳು. ಕೊಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿದೆ. ಇಲಿಯ ಡೋಸನ್ನು ಮನುಷ್ಯರಿಗೆ ಬದಲಿಸುವಾಗ ಸುಮಾರು 6.2ರಿಂದ ಭಾಗಿಸುತ್ತಾರೆ. ಕೆಜಿಗೆ 400 ಅಂದರೆ ಮನುಷ್ಯರಿಗೆ ಸುಮಾರು 65 ಮಿಲಿಗ್ರಾಂ. 60 ಕೆಜಿ ತೂಕದವರಿಗೆ ನಾಲ್ಕು ಗ್ರಾಂ ಹತ್ತಿರ ಬರೀ ಸಾರ. ಹತ್ತು ಗ್ರಾಂ ಪುಡಿಗೆ ಒಂದು ಗ್ರಾಂ ಸಾರ ಸಿಗುತ್ತದೆ ಅಂತ ಹಿಡಿದರೂ 40 ಗ್ರಾಂ ಪುಡಿ, ಅಂದರೆ ಅರ್ಧ ಕೆಜಿಯ ಹತ್ತಿರ ಹಸಿ ಬಳ್ಳಿ, ಒಂದೇ ಹೊತ್ತಿಗೆ. ಅಷ್ಟನ್ನು ದಿನಾ ತಿಂದರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ಏನಾಗುತ್ತದೆ ಅಂತ ನಾನು ಪರೀಕ್ಷಿಸಿಲ್ಲ. ಒಂದು ಡೋಸ್ ಕೊಟ್ಟು 14 ದಿನ ನೋಡಿದ್ದೇನೆ, ಅದೂ ಇಲಿಯಲ್ಲಿ. ದೊಡ್ಡವ್ವನಿಗೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡೂ ಇವೆ. ಮರುದಿನ ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೀವು ಸಾರ ಮಾಡಿದ್ದೀರಿ ಅಂತ ಗೊತ್ತಾದರೆ ನಿಮ್ಮ ಮನೆಯಲ್ಲೂ ಕೇಳುತ್ತಾರೆ. ಪ್ರೀತಿಯಿಂದಲೇ, ಆದರೆ ಖಡಾಖಂಡಿತವಾಗಿ ಇಲ್ಲ ಅನ್ನಿ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಇಷ್ಟು: ಬಳ್ಳಿ ಎಲ್ಲಿಯದು, ಅಲ್ಲಿ ಔಷಧಿ ಸಿಂಪಡಣೆ ಇತ್ತಾ, ಗುಂಪಿಗೆ ಐದೇ ಇಲಿ ಯಾಕೆ, ಅಳೆದವರು ಯಾರು. ಎಲ್ಲದಕ್ಕೂ ನೋಟ್‌ಬುಕ್ ತೆಗೆದು ತೋರಿಸಿದೆ. ಸಾರದಲ್ಲಿ ಕೆಲಸ ಮಾಡಿದ ವಸ್ತು ಯಾವುದು ಅಂತಲೂ ಕೇಳಿದರು. ಕ್ವೆರ್ಸೆಟಿನ್, ಕ್ವಾಡ್ರಾಂಗ್ಯುಲಾರಿನ್ ಅಂಥವು ಈ ಬಳ್ಳಿಯಲ್ಲಿವೆ ಅಂತ ಬೇರೆಯವರು ಕಂಡುಕೊಂಡಿದ್ದಾರೆ, ನಾನು ಬೇರ್ಪಡಿಸಿಲ್ಲ ಅಂದೆ. ಅವರು ತಲೆಯಾಡಿಸಿ ಮುಂದಿನ ಪುಟ ತಿರುವಿದರು.

ಕೂಲರ್ ಪಂಪು, ಪೈಪು ಎರಡನ್ನೂ ಲ್ಯಾಬಿನಲ್ಲೇ ಬಿಟ್ಟು ಬಂದಿದ್ದೇನೆ, ಮೇಡಂ ಹತ್ತಿರ ಕೇಳಿ ತಗೊಳ್ಳಿ. ಫಾರ್ಮ್ ಬಿ ಅರ್ಜಿ ಈಗಲೇ ಬರೆಯಲು ಕೂಡಿ. ಸಭೆಯ ತಾರೀಖು ಗೊತ್ತಾದ ಮೇಲೆ ಬರೆಯೋಣ ಅಂತ ಕಾಯಬೇಡಿ.